ಹತ್ತು ಸಾವಿರದ ಏಳು ಗುಂಡಿ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ-ತಂಗಿ ಕುಳಿತಿದ್ದರು. ತಂಗಿ ಅಂಗಿ ಗುಂಡಿಗಳ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು. ಕೇಳಿದಂತೆಯೇ ಬರೆದಿದ್ದೇನೆ; ಒಂದೆರಡು ಮಾತು ತಪ್ಪಿರಲೂಬಹುದು.

“ಹತ್ತು ಸಾವಿರದ ಏಳು ಗುಂಡಿ. ಎಲ್ಲಾ ಪೆಟ್ಟಿಗೇಲೂ ಸಮ ಇರ್ಬೇಕು, ಒಂದೂ ಉಳೀಬಾರ್ದು. ನಾಳೆ ಮಾಡಿ ತೋರಿಸ್ದಿದ್ರೆ ಕೆಲಸ ಇಲ್ಲ ಅಂದ ಮೇಸ್ತ್ರಿ.”

“ಅದು ಯಾವುದ್ರಿಂದಲೂ ಭಾಗ ಆಗಲ್ಲ ಅಂತ ಹೇಳಿದ್ಯಾ?”

“ಎರಡರಿಂದ ನೂರರವರೆಗೆ ಭಾಗಿಸಿ ತೋರಿಸ್ದೆ ಅಕ್ಕಾ. ನೂರರ ಮೇಲೆ ಯಾಕೆ ನೋಡಿಲ್ಲ, ಸೋಮಾರಿ ಅಂದ.”

“ಅವನ ಬುದ್ಧಿಗೆ ಮಣ್ಣು ಹಾಕ! ಪೆಟ್ಟಿಗೆಗೆ ನೂರಕ್ಕಿಂತ ಜಾಸ್ತಿ ತುಂಬಿದ್ರೆ ಪೆಟ್ಟಿಗೆಗಳೇ ನೂರಕ್ಕಿಂತ ಕಮ್ಮಿ ಆಗ್ತವೆ. ಆ ಲೆಕ್ಕ ನೀನು ಆಗ್ಲೇ ನೋಡಿಯಾಯ್ತಲ್ಲ!”

“ಅದನ್ನೂ ಹೇಳ್ದೆ. ಮನಸ್ಸಿಟ್ಟು ಮಾಡಿದ್ರೆ ಎಲ್ಲಾ ಆಗುತ್ತೆ ಅಂದ.”

“ಸಂಖ್ಯೆ ಏನು ಅವನ ಕೈಕೆಳಗಿನ ಆಳಾ, ಗದರಿಸಿದ್ರೆ ಬಗ್ಗೋಕೆ?”

“ನಿಂಗೇನು, ನಗ್ತೀಯ. ನಾಳೆ ನಾನೇನ್ ಮಾಡ್ಲಿ?”

ಬಸ್ಸು ಬಂತು. ಅಕ್ಕ ಎದ್ದು ಸೀರೆ ಕೊಡವಿಕೊಂಡಳು.

“ಏಳು ಗುಂಡಿ ಪಕ್ಕಕ್ಕಿಡು. ಉಳಿದ ಹತ್ತು ಸಾವಿರವೂ, ನೂರು ಪೆಟ್ಟಿಗೇಲಿ ನೂರು ನೂರು ಕೂತ್ಕೊಳ್ತವೆ.”

“ಆ ಏಳು?”

“ಅವನ ಬಾಯಿಗೆ ಹೊಲಿ.”

ತಂಗಿ ಕಣ್ಣೊರೆಸಿಕೊಂಡು, ನಗುತ್ತಲೇ ಅಕ್ಕನ ಹಿಂದೆ ಬಸ್ಸು ಹತ್ತಿದಳು.