ಎರಡು ಇಟ್ಟಿಗೆ

ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ದರ್ಜಿ ತನ್ನ ಊದಿದ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅರವತ್ತರ ಆಸುಪಾಸಿನ ಒಬ್ಬ ತಾಯಿ, ಟವೆಲ್ಲಿನಿಂದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದರು, ಅವರಾಚೆ ಮಗಳು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ವಾಲಿತು.

“ಒಳಗೆ ಕೇಳಿದ್ರೆ, ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು,” ಎಂದಳು ಮಗಳು.

“ಯಾಕೆ? ಬಿಎಂಎಕ್ಸ್ ಸೈಕಲ್ ಹಾರಿಸೋದೇನು ಕಳ್ಳತನಾನಾ?”

“ನಿನ್ನ ವಯಸ್ಸಿಗೆ ಹೆಚ್ಚುಕಮ್ಮಿ ಹಾಗೇನೇ. ಒಂದು ಇಟ್ಟಿಗೆ ಹಾರಿದ್ದು ಸಾಕಾಗಿರಲಿಲ್ವಾ?”

“ಅದು ಹೋದ ತಿಂಗಳ ಮಾತು. ನೆನ್ನೆ ಎರಡು ಪೇರಿಸಿದ್ದೆ.”

“ಎರಡು ಹಾರೋಕೆ ಹೋಗಿ ಬಿದ್ದೆ.”

“ಹಾರಿದ್ಮೇಲೆ ಬಿದ್ದೆ ಕಣೇ! ಎರಡೂ ಚಕ್ರ ಹೂವಿನ ಹಾಗೆ ಇಳಿದ್ವು. ಎದುರುಮನೆಯವಳು ನೋಡಿದ್ಲಾ ಅಂತ ಹಿಂದೆ ತಿರುಗಿದೆ, ಅಷ್ಟರಲ್ಲಿ ಗೇಟು ಎದುರಿಗೇ ಬಂದುಬಿಡ್ತು.”

“ನೋಡಿದ್ಲಾ?”

“ಎಲ್ಲಿ! ಹಾಳಾದವಳು ಫೋನಲ್ಲಿ ಮುಳುಗಿದ್ಲು.”

ಮಗಳಿಗೆ ನಗು ತಡೆಯಲಾಗಲಿಲ್ಲ. “ಮಾನ ಹೋಗುತ್ತಮ್ಮ. ಬಚ್ಚಲು ಅಂತಾನೇ ಹೇಳು.”

“ಬಚ್ಚಲಲ್ಲಿ ಜಾರೋಕೆ ಯಾರಾದ್ರೂ ಎಂಟು ತಿಂಗಳು ಕಲೀತಾರೇನೇ? ಎರಡು ಇಟ್ಟಿಗೆ ಅಂತಾನೇ ಬರೆಸ್ತೀನಿ.”

ನರ್ಸ್ ಕರೆದಳು. ತಾಯಿ ಮೆಡಲು ತೆಗೆದುಕೊಳ್ಳಲು ಹೊರಟವರ ಗತ್ತಿನಲ್ಲಿ ಒಳಗೆ ನಡೆದರು. ಮಗಳು ಚೀಲ ಹಿಡಿದು ಹಿಂದೆ ಹೋದಳು.

ಆಮೇಲೆ ದರ್ಜಿಯ ಸರದಿ ಬಂತು.

“ಹೇಗೆ ಬಿದ್ರಿ?” ನರ್ಸ್ ಪೆನ್ನು ಹಿಡಿದು ಕೇಳಿದಳು.

ಬೆಳಿಗ್ಗೆ ನಿಜವಾಗಿಯೂ ಬಚ್ಚಲಲ್ಲೇ ಜಾರಿ ಬಿದ್ದಿದ್ದ ದರ್ಜಿ ಗಂಟಲು ಸರಿಮಾಡಿಕೊಂಡ.

“ಮೂರು ಇಟ್ಟಿಗೆ,” ಎಂದ.