ಬಟ್ಟಲಿನ ಸದ್ದು

ಚೆಂಗ್ಡುವಿನ ಆಸ್ಪತ್ರೆಯಲ್ಲಿ, ಕಿವಿ ಪರೀಕ್ಷೆಯ ಕೋಣೆಯ ಹೊರಗೆ ಮುದುಕ ಚಿಯು ತನ್ನ ಸರದಿಗಾಗಿ ಕಾಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಅಜ್ಜಿಯೊಬ್ಬಳು ತನ್ನ ಮಗಳು ಪೇವೆನ್ ಜೊತೆ ಆಡುತ್ತಿದ್ದ ಮಾತು ಅವನ ಕಿವಿಗೆ ಬೀಳುತ್ತಿತ್ತು. ಪೇವೆನ್‌ಳ ಐದು ವರ್ಷದ ಮಗಳು ಲಿಂಗ್‌ಶು ದೂರದ ಕಿಟಕಿಗೆ ಅಂಟಿಕೊಂಡು ನಿಂತಿದ್ದಳು.

“ಹೋದ್ಸಲ ಡಾಕ್ಟ್ರು ಏನಂದ್ರು ಕಣೇ?”

“ಆಟಿಸಂ ಇರೋ ಕೆಲವು ಮಕ್ಳು ಹೀಗೇ ಅಂತಮ್ಮಾ. ವಾದ್ಯದ ತಂತಿಯ ಸ್ವರ ಕೂದಲೆಳೆಯಷ್ಟು ಏರಿದ್ರೂ ಇವ್ಳಿಗೆ ಗೊತ್ತಾಗತ್ತೆ. ಸ್ವರ ಏರಿಳಿದ್ರೆ ಅರ್ಥಾನೇ ಬದಲಾಗೋ ನಮ್ಮ ಚೀನೀ ಮಾತಲ್ಲಿ ಮಾತ್ರ ಅದನ್ನ ಹಿಡಿಯಕ್ಕಾಗಲ್ವಂತೆ.”

“ಅದಕ್ಕೇ ನಾನು ಬಟ್ಟಲು ಬಡಿಯೋದು. ಓಡಿ ಬರ್ತಾಳೆ.”

“ಊಟದ ಕಡ್ಡೀಲಿ ಬಟ್ಟಲು ಬಡಿಯೋರು ಭಿಕ್ಷುಕರು ಅಂತ ನನ್ನ ಕೈಗೆ ಬಾರಿಸ್ತಿದ್ದೋಳು ನೀನೇ ಅಲ್ವಾ?”

“ಹೂಂ ಕಣೇ. ಈಗ ಮೊಮ್ಮಗಳಿಗೋಸ್ಕರ ಭಿಕ್ಷುಕೀನೇ ಆದೆ.”

“ಹೆತ್ತೋಳು ನಾನಮ್ಮಾ. ಒಂದೇ ಒಂದ್ಸಲ ನನ್ನ ದನಿಗೆ ತಿರುಗಲಿ.”

ನರ್ಸ್ ಬಂದು ಮಗುವನ್ನು ಒಳಗೆ ಕರೆತರಲು ಪೇವೆನ್‌ಗೆ ಹೇಳಿದಳು.

“ಲಿಂಗ್‌ಶು, ಬಾ ಕಂದಾ,” ಎಂದಳು ಪೇವೆನ್. ಇನ್ನೊಮ್ಮೆ ಕರೆದಳು. ಮಗು ಕದಲಲಿಲ್ಲ.

ಅಜ್ಜಿ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಪೇವೆನ್ ತಾನೇ ಬಟ್ಟಲನ್ನೂ ಕಡ್ಡಿಯನ್ನೂ ತೆಗೆದುಕೊಂಡಳು. ಅಷ್ಟು ಜನರ ಮುಂದೆ, ತಲೆ ತಗ್ಗಿಸಿ, ಎರಡು ಸಲ ಬಡಿದಳು.

ಲಿಂಗ್‌ಶು ನಗುತ್ತಾ ಓಡಿಬಂದಳು. ತಾಯಿಯ ಮುಖ ನೋಡದೆ ಬಟ್ಟಲಿಗೆ ಕಿವಿ ಆನಿಸಿದಳು. ಪೇವೆನ್ ಬಡಿಯುತ್ತಲೇ ಒಳಗೆ ನಡೆದಳು.