ಬಾಗಿಲ ಒಳಗಿನ ಹೆಸರು

ಡೆಟ್ರಾಯಿಟ್‌ನ ಹಳೆಯ ಕಾರುಗಳ ಪ್ರದರ್ಶನದಲ್ಲಿ ಕಾಫಿಗೆ ಸಾಲು ನಿಂತಿದ್ದೆ. ನನ್ನ ಮುಂದೆ ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರು, ಥ್ಯಾಡಿಯಸ್ ಮತ್ತು ಅರ್ಲೀಥಾ.

“ಆ ಐವತ್ತೇಳನೇ ಇಸ್ವಿ ಕಾರು ನೋಡೇ, ಹಿಂದೆ ಎಂಥ ರೆಕ್ಕೆ! ನಿನ್ನ ಎಪ್ಪತ್ತೆರಡರದ್ದು ಬರೀ ಡಬ್ಬ.”

“ರೆಕ್ಕೆ ಕಟ್ಟೋವಾಗ ನಮ್ಮ ಕರಿಯರನ್ನ ಕುಲುಮೆ ಕೆಲಸದಿಂದಾಚೆ ಬಿಟ್ಟಿದ್ರೇನೋ? ಈ ಡಬ್ಬಕ್ಕೆ ಬಾಗಿಲು ಕೂರಿಸಿದ್ದು ನಾನು.”

“ಲಕ್ಷ ಡಬ್ಬದಲ್ಲಿ ಇದೇ ನಿಂದು ಅಂತ ಹೇಗೆ ಗೊತ್ತು?”

“ನಾವೆಲ್ಲ ಕದ್ದು ಹೆಸರು ಬರೀತಿರ್ಲಿಲ್ವಾ? ರಿಪೇರಿಗೆ ಬಾಗಿಲು ಬಿಚ್ಚಿದಾಗ ಒಳಗೆ ಸೀಮೆಸುಣ್ಣದಲ್ಲಿ ‘ಅರ್ಲೀಥಾ’ ಅಂತಿತ್ತಂತೆ. ಕಾರಿನ ಮಾಲೀಕನೇ ಈಗ ಎಲ್ಲರಿಗೂ ಹೇಳ್ತಿದ್ದ.”

“ಅಯ್ಯೋ, ನಡಿಯೇ ನೋಡೋಣ!”

“ಏನು ನೋಡ್ತೀಯ? ಕಾರ್ಖಾನೆಯಿಂದ ಬಂದ ಹಾಗೇ ಇರ್ಬೇಕು ಅಂತ ಆ ಹೆಸರನ್ನ ಉಜ್ಜಿ ತೊಳೆದನಂತೆ. ಅದಕ್ಕೇ ಮೊದಲ ಬಹುಮಾನ.”

“ಆ ಅರ್ಲೀಥಾ ನೀನೇ ಅಂತ ಹೇಳ್ಬೇಕಿತ್ತು.”

“ಹೇಳೋಣ ಅಂತ ಬಾಗಿಲ ಮೇಲೆ ಕೈ ಇಟ್ಟೆ. ‘ಕೈ ತೆಗೀರಮ್ಮ, ಕಲೆಯಾಗುತ್ತೆ’ ಅಂದ.”

“ಆಗ ಕೈ ತೆಗೆದ್ರೆ ಮೇಸ್ತ್ರಿ ಬೈತಿದ್ದ, ಈಗ ಕೈ ಇಟ್ರೆ ಇವನು ಬೈತಾನೆ!”

ಅರ್ಲೀಥಾ ನಗಲಿಲ್ಲ. ಕಾಫಿಯ ದರ ಬರೆದಿದ್ದ ಕರಿಹಲಗೆಯ ಕೆಳಗಿನಿಂದ ಸೀಮೆಸುಣ್ಣದ ತುಂಡೊಂದನ್ನು ಎತ್ತಿಕೊಂಡರು.

“ಥ್ಯಾಡಿಯಸ್, ಮಾಲೀಕನ ಹತ್ರ ನಿನ್ನ ರೆಕ್ಕೆ ಪುರಾಣ ಶುರು ಮಾಡು. ಎರಡು ನಿಮಿಷ ಸಾಕು.”

ಇಬ್ಬರೂ ಸಾಲು ಬಿಟ್ಟು ಹೊರಟರು.